ಶಾಲೆಯಲ್ಲಿ ಮಾಡಿದ ಮರದ ಪೆಟ್ಟಿಗೆ: ಎಷ್ಟರ ಮಟ್ಟಿಗೆ ದುರಸ್ತಿ ಮಾಡಬೇಕು?

ಪ್ರಶ್ನೆ

ಎಂಟನೆಯ ತರಗತಿಯಲ್ಲಿ, ಮರಗೆಲಸದ ಅವಧಿಯಲ್ಲಿ ನಾನೇ ಕೊಯ್ದು, ಕೀಸಿ, ಜೋಡಿಸಿದ ಸಣ್ಣ ಪೆಟ್ಟಿಗೆಯೊಂದು ಮೂವತ್ತು ವರ್ಷಗಳ ನಂತರ ಅಟ್ಟದಿಂದ ಕೆಳಗಿಳಿದಿದೆ. ಮುಚ್ಚಳದ ಹಲಗೆ ಎಳೆಯ ಗುಂಟ ಸೀಳಿದೆ, ಒಂದು ಮೂಲೆ ಅಂಟು ಬಿಟ್ಟು ಅಲುಗಾಡುತ್ತಿದೆ, ಪಾಲಿಶ್ ಕಪ್ಪಿಟ್ಟಿದೆ, ತಳದಲ್ಲಿ ಸಣ್ಣ ತೂತುಗಳು ಕಾಣುತ್ತಿವೆ. ಒಳಬದಿಯಲ್ಲಿ ಅಳತೆಗೆಂದು ಎಳೆದ ಪೆನ್ಸಿಲ್ ಗೆರೆಗಳೂ, ತಪ್ಪಾಗಿ ಕೊಯ್ದ ಜಾಗಕ್ಕೆ ಮೇಷ್ಟ್ರು ತೋರಿಸಿಕೊಟ್ಟಂತೆ ನಾನು ತುರುಕಿದ ಮರದ ಚಕ್ಕೆಯೂ ಹಾಗೆಯೇ ಉಳಿದಿವೆ. ಪೂರ್ತಿ ಉಜ್ಜಿ ಹೊಸದಾಗಿ ಪಾಲಿಶ್ ಮಾಡಿಸೋಣವೆಂದು ಮನೆಯವರು ಹೇಳುತ್ತಾರೆ. ಆ ಗುರುತುಗಳು ಹೋದರೆ ಅದು ನನ್ನ ಪೆಟ್ಟಿಗೆಯಾಗಿ ಉಳಿಯುವುದಿಲ್ಲವೆಂಬ ಅಳುಕು ನನ್ನದು. ಎಲ್ಲಿಂದ ಆರಂಭಿಸಲಿ?

ಉತ್ತರ 1

ಮೊದಲು ಹುಳುವಿನ ವಿಚಾರ ತೀರ್ಮಾನವಾಗಬೇಕು. ಪೆಟ್ಟಿಗೆಯನ್ನು ಕಪ್ಪು ಕಾಗದದ ಮೇಲೆ ಕೆಲವು ವಾರ ಇಟ್ಟು ನೋಡಿ. ಹೊಸದಾಗಿ ಬಿಳಿಚಿದ ಪುಡಿ ಉದುರಿದರೆ ಕುಟ್ಟೆ ಹುಳು ಇನ್ನೂ ಒಳಗಿರುವ ಸಂಭವ ಹೆಚ್ಚು. ಆಗ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣಗಿನ ಮರದ ಮೇಲೆ ನೀರು ಹನಿಗಟ್ಟುತ್ತದೆ.

ಉತ್ತರ 2

ಮುಚ್ಚಳ ಏಕೆ ಸೀಳಿತೆಂಬುದನ್ನು ಕಂಡುಕೊಳ್ಳದೆ ಸೀಳಿಗೆ ಏನನ್ನೂ ತುಂಬಬೇಡಿ. ಮರ ಉದ್ದಕ್ಕೆ ಹಿಗ್ಗುವುದು ತೀರಾ ಅತ್ಯಲ್ಪ. ಅಗಲಕ್ಕಾದರೆ, 20 ಸೆಂಟಿಮೀಟರಿನ ಹಲಗೆ ಗಾಳಿಯ ತೇವ ಏರಿಳಿದಂತೆ ಒಂದೆರಡು ಮಿಲಿಮೀಟರು ಹಿಗ್ಗಿ ಕುಗ್ಗುತ್ತದೆ. ಮುಚ್ಚಳದ ಒಳಬದಿಗೆ ಅಡ್ಡಪಟ್ಟಿಗಳನ್ನು ಪೂರ್ತಿ ಅಂಟಿಸಿದ್ದರೆ ಹಲಗೆಗೆ ಕುಗ್ಗಲು ಎಡೆಯಿಲ್ಲದೆ ಅದು ಸೀಳಿರುತ್ತದೆ. ಪಟ್ಟಿಯನ್ನು ಬಿಡಿಸಿ, ನಡುವೆ ಮಾತ್ರ ಬಿಗಿಯಾದ ತಿರುಪು ಹಾಕಿ, ತುದಿಗಳ ತೂತುಗಳನ್ನು ಅಗಲದ ದಿಕ್ಕಿಗೆ ಉದ್ದವಾಗಿಸಿದರೆ ಹಲಗೆ ಸರಿದಾಡುತ್ತದೆ.

ಮೂಲೆಯ ಅಂಟು ಕಂದುಬಣ್ಣದ ಗಾಜಿನಂತಿದ್ದರೆ ಅದು ಚರ್ಮ ಅಥವಾ ಮೂಳೆಯಿಂದ ತಯಾರಿಸಿದ ಹಳೆಯ ಬಗೆಯ ಅಂಟು. ಬಿಸಿನೀರಿಗೆ ಮೆತ್ತಗಾಗುತ್ತದೆ, ಅದೇ ಬಗೆಯ ಹೊಸ ಅಂಟು ಅದರ ಮೇಲೆಯೇ ಹಿಡಿಯುತ್ತದೆ. ಪ್ಲಾಸ್ಟಿಕ್ಕಿನಂತಹ ಪೊರೆಯಿದ್ದರೆ ಅದು ಬಿಳಿ ಅಂಟು. ಬೆಚ್ಚಗಿನ ವಿನೆಗರಿನಿಂದ ಮೆದುವಾಗಿಸಿ ಕೆರೆದು ತೆಗೆಯದಿದ್ದರೆ ಹೊಸ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಉತ್ತರ 3

ಮೇಲಿನ ಸಲಹೆ ಸರಿಯಾದುದೇ, ಆದರೆ ಅಡ್ಡಪಟ್ಟಿಯನ್ನು ಬಿಡಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮುಚ್ಚಳ ಸೀಳಿದಾಗಲೇ ಅದರೊಳಗಿನ ಬಿಗಿತ ಬಹುಮಟ್ಟಿಗೆ ಕಳೆದಿರುತ್ತದೆ. ದಿನವೂ ಬಳಸದ ಪೆಟ್ಟಿಗೆಗೆ ಆ ಸೀಳು ತೊಂದರೆ ಕೊಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವೀಡನ್ನಿನಲ್ಲಿ ಶಾಲಾ ಮರಗೆಲಸವನ್ನು ರೂಪಿಸಿದ ಓಟ್ಟೋ ಸಾಲೊಮನ್ ಅವರು ಮಗು ಮಾಡಿದ ವಸ್ತುವಿಗಿಂತ ಅದನ್ನು ಮಾಡುತ್ತ ಕಲಿಯುವ ಮಗುವೇ ಮುಖ್ಯವೆಂದು ತಿಳಿದಿದ್ದರು. ಆ ಕಲಿಕೆಯ ಗುರುತು ನಿಮ್ಮ ಪೆಟ್ಟಿಗೆಯಲ್ಲಿ ಇರುವುದು ಪೆನ್ಸಿಲ್ ಗೆರೆಯಲ್ಲಿ, ಆ ಚಕ್ಕೆಯಲ್ಲಿ. ಹಾಗಾಗಿ ಒಳಬದಿಗೆ ಉಪ್ಪು ಕಾಗದ ತಾಗಿಸಲೇಬೇಡಿ, ಒಣಬಟ್ಟೆಯೂ ಗೆರೆಗಳನ್ನು ಮಸುಕಾಗಿಸಬಹುದು. ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಸಾಕು.

ಹೊರಬದಿಯ ಕಪ್ಪು ಅನೇಕ ವೇಳೆ ಪಾಲಿಶ್‌ನದಲ್ಲ, ಅದರ ಮೇಲೆ ಕೂತ ಕೊಳೆಯದು. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಒಣಗಿಸಿ. ಆಮೇಲೆ ತಳದ ಮರೆಯಾದ ಜಾಗಕ್ಕೆ ಹತ್ತಿಯಲ್ಲಿ ಒಂದು ಹನಿ ಸ್ಪಿರಿಟ್ ತಾಗಿಸಿ ನೋಡಿ. ಜಿಗುಟಾದರೆ ಅದು ಅರಗಿನ ಪಾಲಿಶ್ ಇರಬಹುದು, ತೆಳುವಾದ ಹೊಸ ಲೇಪ ಹಳೆಯದರೊಡನೆ ಬೆರೆಯುತ್ತದೆ, ಉಜ್ಜುವ ಅಗತ್ಯವೇ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಸ್ಪಿರಿಟ್ ತಾಗಿಸಿದ ಜಾಗ ಜಿಗುಟಾಯಿತು. ಅಡ್ಡಪಟ್ಟಿಯನ್ನು ಮುಟ್ಟದೆ, ಮೂಲೆಯನ್ನಷ್ಟೇ ಅಂಟಿಸಲು ನಿರ್ಧರಿಸಿದ್ದೇನೆ. ಪೆಟ್ಟಿಗೆ ಈಗ ಕಪ್ಪು ಕಾಗದದ ಮೇಲಿದೆ. ನಾಲ್ಕು ದಿನಗಳಾದರೂ ಪುಡಿ ಉದುರಿಲ್ಲ.