ಜಿಲ್ಲಾ ಪಂಚಾಯಿತಿ ಚುನಾವಣೆಗೆ ಮುನ್ನ: ಸಣ್ಣ ಹಳ್ಳಿಯ ಸರ್ಕಾರಿ ಶಾಲೆಯ ಬಗ್ಗೆ ಪಕ್ಷಗಳ ನಿಲುವು ಏನು?

ಪ್ರಶ್ನೆ: ಬಾಗೇಪಲ್ಲಿಯ ಪೋಷಕ

ಎಲ್ಲರಿಗೂ ನಮಸ್ಕಾರ. ನಾನು ಬಾಗೇಪಲ್ಲಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವನು. ಕಡಲೆಕಾಯಿ, ಟೊಮೆಟೊ ಬೆಳೆಯುತ್ತೇನೆ. ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಐದನೇ ತರಗತಿಯವರೆಗೆ ಈಗ ಹತ್ತೊಂಬತ್ತು ಮಕ್ಕಳಿದ್ದಾರೆ. ಎರಡು ವರ್ಷದ ಹಿಂದೆ ಮೂವತ್ತನಾಲ್ಕು ಮಕ್ಕಳಿದ್ದರು. ಆಗ ಇಬ್ಬರು ಕಾಯಂ ಶಿಕ್ಷಕರಿದ್ದರು. ಅವರಲ್ಲಿ ಒಬ್ಬರು ವರ್ಗಾವಣೆಯಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದ ಮೇಡಂ ಸಭೆಗೋ ತರಬೇತಿಗೋ ಹೋದ ದಿನ ಬಿಸಿಯೂಟದ ಅಕ್ಕನೇ ಮಕ್ಕಳನ್ನು ನೋಡಿಕೊಳ್ಳಬೇಕು. ಇದನ್ನು ಕಂಡ ತಂದೆತಾಯಿಯರು ಒಬ್ಬೊಬ್ಬರಾಗಿ ಟಿಸಿ ತೆಗೆದುಕೊಂಡರು. ಈಗ ಬೆಳಿಗ್ಗೆ ಏಳೂಮುಕ್ಕಾಲಿಗೆ ಅರಳಿಕಟ್ಟೆಯ ಮುಂದೆ ಖಾಸಗಿ ಶಾಲೆಯ ವ್ಯಾನ್ ಬಂದು ನಿಲ್ಲುತ್ತದೆ.

ನನ್ನ ಮಗ ಮೂರನೇ ತರಗತಿಯಲ್ಲಿ ಇದೇ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾನೆ. ಅವನನ್ನು ಅಲ್ಲಿಂದ ಬಿಡಿಸುವ ಮನಸ್ಸು ನನಗಿಲ್ಲ. 2016ರ ಫೆಬ್ರುವರಿಯ ನಂತರ ನಡೆಯದೆ ಉಳಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆಯ ಮಾತು ಮತ್ತೆ ಕೇಳಿಬರುತ್ತಿರುವುದರಿಂದ ಆಕಾಂಕ್ಷಿಗಳು ಈಗಾಗಲೇ ಊರೂರು ಸುತ್ತುತ್ತಿದ್ದಾರೆ. ಮೂರೂ ಪಕ್ಷದವರು ಶಿಕ್ಷಣವೇ ತಮ್ಮ ಆದ್ಯತೆ ಎನ್ನುತ್ತಾರೆ. ನಮ್ಮಂಥ ಸಣ್ಣ ಶಾಲೆ ಉಳಿಯಬೇಕೋ ಬೇಡವೋ ಎಂಬುದರಲ್ಲಿ ಈ ಪಕ್ಷಗಳ ನಿಜವಾದ ನಿಲುವು ಏನು, ಮತ ಕೇಳಲು ಬಂದವರ ಮುಂದೆ ಯಾವ ಪ್ರಶ್ನೆ ಇಟ್ಟರೆ ಸ್ಪಷ್ಟ ಉತ್ತರ ಸಿಗುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: ನಿವೃತ್ತ ಮುಖ್ಯಶಿಕ್ಷಕ, ಶಿಡ್ಲಘಟ್ಟ

ನಿಮ್ಮ ಪ್ರಶ್ನೆ ಓದಿ ಮನಸ್ಸಿಗೆ ತಟ್ಟಿತು. ಮೂವತ್ತೆರಡು ವರ್ಷ ಇದೇ ಜಿಲ್ಲೆಯ ಶಾಲೆಗಳಲ್ಲಿ ಕೆಲಸ ಮಾಡಿದವನಾಗಿ, ಮಕ್ಕಳು ಕಡಿಮೆಯಾಗಿದ್ದಕ್ಕೆ ಶಿಕ್ಷಕರು ಹೋದರು ಎಂದು ಕಡತದಲ್ಲಿ ಬರೆಯುವುದನ್ನೂ, ಶಿಕ್ಷಕರು ಹೋದದ್ದಕ್ಕೇ ಮಕ್ಕಳು ಕಡಿಮೆಯಾದರು ಎಂದು ಊರಿನವರು ಹೇಳುವುದನ್ನೂ ಎಷ್ಟೋ ಸಲ ಕಂಡಿದ್ದೇನೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಊರಿನವರ ಮಾತೇ ಸರಿಯಾಗಿತ್ತು.

ಪಕ್ಷಗಳ ವಿಷಯಕ್ಕೆ ಬರುತ್ತೇನೆ. ಜೆಡಿಎಸ್ 2023ರ ವಿಧಾನಸಭಾ ಚುನಾವಣೆಗೆ ಪಂಚರತ್ನ ಯೋಜನೆಯನ್ನು ಮುಂದಿಟ್ಟಿತ್ತು. ಅದರ ರಥಯಾತ್ರೆ ಹೊರಟಿದ್ದು ನಮ್ಮ ಪಕ್ಕದ ಮುಳಬಾಗಿಲಿನ ಕುರುಡುಮಲೆಯಿಂದಲೇ. ಪ್ರತಿ ಗ್ರಾಮ ಪಂಚಾಯಿತಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಮಾಧ್ಯಮವಿರುವ ಒಂದು ಸುಸಜ್ಜಿತ ಶಾಲೆ ಎಂಬುದು ಅದರ ಮುಖ್ಯ ಭರವಸೆಗಳಲ್ಲಿ ಒಂದು. ಅದೇ ಪಕ್ಷದ ನಾಯಕರು 2018ರಲ್ಲಿ ಮುಖ್ಯಮಂತ್ರಿಯಾಗಿ ಮಂಡಿಸಿದ ಬಜೆಟ್ಟಿನಲ್ಲಿ ಒಂದು ಕಿಲೋಮೀಟರ್ ಒಳಗಿನ 28 ಸಾವಿರಕ್ಕೂ ಹೆಚ್ಚು ಶಾಲೆಗಳನ್ನು ಹತ್ತಿರದ ಶಾಲೆಗಳೊಂದಿಗೆ ಸೇರಿಸುವ ಪ್ರಸ್ತಾವವಿತ್ತು, ಅದಕ್ಕೆ ದೊಡ್ಡ ವಿರೋಧವೂ ಬಂತು. ಬಿಜೆಪಿ 2023ರ ಪ್ರಣಾಳಿಕೆಯಲ್ಲಿ ವಿಶ್ವೇಶ್ವರಯ್ಯ ವಿದ್ಯಾ ಯೋಜನೆಯನ್ನು ಘೋಷಿಸಿ, ಗಣ್ಯರ ಮತ್ತು ಸಂಸ್ಥೆಗಳ ಸಹಭಾಗಿತ್ವದಲ್ಲಿ ಸರ್ಕಾರಿ ಶಾಲೆಗಳನ್ನು ಮೇಲ್ದರ್ಜೆಗೇರಿಸುವುದಾಗಿ ಹೇಳಿತು. ಮುದ್ದೇನಹಳ್ಳಿಯಲ್ಲಿ ಹುಟ್ಟಿದವರ ಹೆಸರಿಟ್ಟ ಯೋಜನೆಯಾದ್ದರಿಂದ ನಮ್ಮ ಜಿಲ್ಲೆಯಲ್ಲಿ ಅದರ ಮಾತು ಹೆಚ್ಚೇ ಆಗಿತ್ತು. ಅದಕ್ಕೂ ಮೊದಲು ಅವರ ಸರ್ಕಾರ ವಿವೇಕ ಯೋಜನೆಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಕೊಠಡಿಗಳನ್ನು ಕೈಗೆತ್ತಿಕೊಂಡಿತ್ತು. ಕಾಂಗ್ರೆಸ್ಸಿನದು ಕರ್ನಾಟಕ ಪಬ್ಲಿಕ್ ಶಾಲೆಯ ದಾರಿ. ಒಂದೇ ಆವರಣದಲ್ಲಿ ಪಿಯುಸಿವರೆಗೆ ಕಲಿಸುವ ಈ ಶಾಲೆಗಳನ್ನು ಇನ್ನೂ 500 ಕಡೆ, ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ತೆರೆಯುವುದಾಗಿ 2025-26ರ ಬಜೆಟ್ಟಿನಲ್ಲಿ ಹೇಳಿದೆ.

ಗಮನಿಸಿ ನೋಡಿದರೆ ಮೂವರೂ ಹೇಳುತ್ತಿರುವುದು ದೊಡ್ಡ ಶಾಲೆಯ ಮಾತು. ಪಂಚಾಯಿತಿಗೊಂದು, ಹೋಬಳಿಗೊಂದು ಶಾಲೆ ಬಂದರೆ ನಿಮ್ಮೂರಿನ ಹತ್ತೊಂಬತ್ತು ಮಕ್ಕಳ ಶಾಲೆ ಏನಾಗಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳಿಲ್ಲ. ಮುಚ್ಚುತ್ತೇವೆ ಎಂದು ಹೇಳಿದವರಿಲ್ಲ. ಆದರೆ ಶಿಕ್ಷಕರನ್ನು ಕೊಡದೆ ಬಿಟ್ಟ ಶಾಲೆ ತಾನಾಗಿಯೇ ಶೂನ್ಯ ದಾಖಲಾತಿಗೆ ಬರುತ್ತದೆ, ಆಮೇಲೆ ಮುಚ್ಚುವುದಕ್ಕೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.

ಕಾನೂನು ನಿಮ್ಮ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಹತ್ತೊಂಬತ್ತು ಮಕ್ಕಳಿದ್ದರೂ ಇಬ್ಬರೇ. ಕಾಯ್ದೆಯ 26ನೇ ಪ್ರಕರಣ ಒಟ್ಟು ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು ಎನ್ನುತ್ತದೆ. 2022ರಲ್ಲಿ ಬಿಜೆಪಿ ಸರ್ಕಾರ 15 ಸಾವಿರ ಪದವೀಧರ ಶಿಕ್ಷಕರ ನೇಮಕಾತಿ ಆರಂಭಿಸಿದ್ದು ಒಳ್ಳೆಯ ಕೆಲಸವೇ. ಆದರೆ ಅವರು ಆರರಿಂದ ಎಂಟನೇ ತರಗತಿಗೆ. ಕಿರಿಯ ಪ್ರಾಥಮಿಕ ಶಾಲೆಯ ಬಾಗಿಲಿಗೆ ಅವರಲ್ಲಿ ಒಬ್ಬರೂ ಬರುವುದಿಲ್ಲ. ಹಾಗಾಗಿ ನಿಮ್ಮ ಮುಂದೆ ನಿಂತ ಅಭ್ಯರ್ಥಿಯನ್ನು ಕಟ್ಟಡದ ಬಗ್ಗೆ ಕೇಳಬೇಡಿ. ನಮ್ಮೂರಿನ ಎರಡನೇ ಶಿಕ್ಷಕರ ಹುದ್ದೆ ಯಾವ ತಿಂಗಳಲ್ಲಿ ತುಂಬುತ್ತದೆ ಎಂದು ಕೇಳಿ.

ಉತ್ತರ 2: ಮುಳಬಾಗಿಲಿನ ತಾಯಿ

ಮೇಷ್ಟ್ರು ಹೇಳಿದ ಕಾನೂನಿನ ಮಾತನ್ನು ನಾನು ಒಪ್ಪುತ್ತೇನೆ. ಆದರೂ ದೊಡ್ಡ ಶಾಲೆಯನ್ನು ಹೀಗೆ ಪಕ್ಕಕ್ಕೆ ಸರಿಸುವುದು ಸರಿಯಲ್ಲ ಎಂದು ವಿನಯದಿಂದ ಹೇಳಬಯಸುತ್ತೇನೆ. ನನ್ನ ಮಗಳು ಏಳನೇ ತರಗತಿಗೆ ಹೋಬಳಿ ಕೇಂದ್ರದ ಪಬ್ಲಿಕ್ ಶಾಲೆಗೆ ಸೇರಿದ ಮೇಲೆ ಮೊದಲ ಸಲ ವಿಜ್ಞಾನಕ್ಕೆ ಒಬ್ಬರು, ಗಣಿತಕ್ಕೆ ಒಬ್ಬರು ಎಂಬಂತೆ ಶಿಕ್ಷಕರನ್ನು ಕಂಡಳು. ಇಂಗ್ಲಿಷ್ ಮಾಧ್ಯಮದ ವಿಭಾಗ ಇರುವುದರಿಂದ ಖಾಸಗಿ ಶಾಲೆಗೆ ಕಟ್ಟಬೇಕಾಗಿದ್ದ ಹಣ ಉಳಿಯಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಲು ಹೊರಟಾಗ ಸಾಹಿತಿಗಳು ಧಾರವಾಡದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲೂ ವಿರೋಧಿಸಿದರು. ಅವರ ಕನ್ನಡ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಬಡವರ ಮಕ್ಕಳು ಮಾತ್ರ ಕನ್ನಡ ಉಳಿಸುವ ಹೊಣೆ ಹೊರಬೇಕು ಎಂಬಂತೆ ಆ ಚರ್ಚೆ ನಡೆದದ್ದು ನನಗೆ ನೋವು ತಂದಿತ್ತು.

ಒಂದು ಮಾತು ಮಾತ್ರ ನಿಜ. ಮಗಳನ್ನು ಕಳಿಸಲು ಧೈರ್ಯ ಬಂದದ್ದು ಅವಳಿಗೆ ಹನ್ನೆರಡು ತುಂಬಿದ ಮೇಲೆ. ಬಸ್ಸು ಬರುವುದು ದಿನಕ್ಕೆ ಎರಡು ಸಲ. ಶಕ್ತಿ ಯೋಜನೆಯಿಂದ ಅವಳಿಗೆ ಟಿಕೆಟ್ ಇಲ್ಲ ಎಂಬುದೇನೋ ಸರಿ, ಆದರೆ ಸಂಜೆಯ ಬಸ್ಸು ತಪ್ಪಿದರೆ ಮಾವಿನ ತೋಪುಗಳ ನಡುವೆ ಮೂರೂವರೆ ಕಿಲೋಮೀಟರ್ ನಡೆದು ಬರಬೇಕು. ಒಂದನೇ ತರಗತಿಯ ನನ್ನ ಚಿಕ್ಕ ಮಗನನ್ನು ಆ ದಾರಿಗೆ ಕಳಿಸುವುದಿಲ್ಲ. ಅವನು ಊರಿನ ಶಾಲೆಯಲ್ಲೇ ಇದ್ದಾನೆ.

ಉತ್ತರ 3: ಅತಿಥಿ ಶಿಕ್ಷಕಿ, ಪಾವಗಡ

ಮೂರು ಕಡೆ ಆಂಧ್ರದಿಂದ ಸುತ್ತುವರಿದ ತಾಲ್ಲೂಕು ನಮ್ಮದು. ನಿಮ್ಮ ಬಾಗೇಪಲ್ಲಿಯ ಹಾಗೆಯೇ ಇಲ್ಲಿಯೂ ಬಹಳಷ್ಟು ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಪಕ್ಷಗಳು ಮಾತೃಭಾಷೆಯ ಬಗ್ಗೆ ಮಾತನಾಡುವಾಗ ನಮ್ಮ ಮಕ್ಕಳು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಬಿಜೆಪಿ ಬೆಂಬಲಿಸುವ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದ ಕಡೆಗಳಲ್ಲಿ ಐದನೇ ತರಗತಿಯವರೆಗಾದರೂ ಮನೆಭಾಷೆ ಅಥವಾ ಸ್ಥಳೀಯ ಭಾಷೆಯ ಮಾಧ್ಯಮ ಇರಲಿ ಎನ್ನುತ್ತದೆ. ಅದನ್ನು ಕೈಬಿಡುವುದಾಗಿ ಹೇಳಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ನೇಮಿಸಿದ ಸುಖದೇವ್ ಥೋರಟ್ ಅವರ ಆಯೋಗವೂ 2025ರ ಆಗಸ್ಟಿನ ವರದಿಯಲ್ಲಿ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯನ್ನೇ ಶಿಫಾರಸು ಮಾಡಿದೆ. ತ್ರಿಭಾಷೆಯೋ ದ್ವಿಭಾಷೆಯೋ, ತರಗತಿಗಳನ್ನು ಹೇಗೆ ವಿಂಗಡಿಸಬೇಕು ಎಂಬುದರಲ್ಲಿ ಜಗಳವಿರುವ ಎರಡು ನೀತಿಗಳು ಈ ಒಂದು ವಿಷಯದಲ್ಲಿ ಒಂದೇ ಮಾತನ್ನು ಹೇಳುತ್ತವೆ. ಆದರೆ ಆ ಮಾತನ್ನು ತರಗತಿಯೊಳಗೆ ನಡೆಸಿಕೊಡಬೇಕಾದವರು ಶಿಕ್ಷಕರು.

ಒಂದು ಉದಾಹರಣೆ ಕೊಡುತ್ತೇನೆ. ಜೂನ್ ತಿಂಗಳಲ್ಲಿ ಒಂದನೇ ತರಗತಿಗೆ ಬಂದ ಹುಡುಗಿಗೆ ನಲಿಕಲಿ (ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ತಟ್ಟೆಯ ಮುಂದೆ ಅಳಿಲಿನ ಚಿತ್ರ ತೋರಿಸಿ ಇದೇನು ಎಂದು ಕೇಳಿದೆ. ಅವಳು ‘ಉಡುತ’ ಎಂದಳು. ಉತ್ತರ ಸರಿಯಾಗಿಯೇ ಇತ್ತು. ತೆಲುಗು ತಿಳಿಯದ ಶಿಕ್ಷಕರು ಅಲ್ಲಿದ್ದಿದ್ದರೆ ಆ ಮಗುವಿಗೆ ಗೊತ್ತಿಲ್ಲ ಎಂದೇ ಭಾವಿಸುತ್ತಿದ್ದರು. ನಾನು ‘ಹೌದಮ್ಮ, ಉಡುತವೇ, ನಮ್ಮ ಪುಸ್ತಕ ಅದನ್ನು ಅಳಿಲು ಅನ್ನುತ್ತದೆ’ ಎಂದೆ. ಮರುದಿನ ಬೇವಿನ ಮರದ ಮೇಲೆ ಓಡಿದ ಅಳಿಲನ್ನು ಅವಳೇ ನನಗೆ ತೋರಿಸಿ ಎರಡೂ ಹೆಸರು ಹೇಳಿದಳು. ದಸರಾ ರಜೆಯ ಹೊತ್ತಿಗೆ ಅವಳು ಕನ್ನಡದಲ್ಲಿ ವಾಕ್ಯ ಓದುತ್ತಿದ್ದಳು.

ಈ ಕೆಲಸಕ್ಕೆ ಮಗುವಿನ ಜೊತೆ ಎರಡು ಮೂರು ವರ್ಷ ಇರುವ ಒಬ್ಬರು ಬೇಕು. ನಮ್ಮಂಥ ಅತಿಥಿ ಶಿಕ್ಷಕರ ನೇಮಕ ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ. ಏಪ್ರಿಲ್ ಬಂದರೆ ಕೆಲಸ ಮುಗಿಯಿತು. ಮುಂದಿನ ವರ್ಷ ಅದೇ ಶಾಲೆ ಸಿಗುತ್ತದೆ ಎಂಬ ಭರವಸೆ ಇರುವುದಿಲ್ಲ. 2025-26ರ ಬಜೆಟ್ಟಿನಲ್ಲಿ ಗೌರವಧನವನ್ನು ಎರಡು ಸಾವಿರ ರೂಪಾಯಿ ಹೆಚ್ಚಿಸಿದ್ದಕ್ಕೆ ಕೃತಜ್ಞತೆ ಇದೆ. ಆದರೆ ನಮ್ಮನ್ನು ಕಾಯಂ ಶಿಕ್ಷಕರ ಬದಲಿಗೆ ಬಳಸಿಕೊಳ್ಳುವ ಪದ್ಧತಿ ಯಾವ ಪಕ್ಷ ಬಂದರೂ ಹಾಗೆಯೇ ಮುಂದುವರಿದಿದೆ. ಅಭ್ಯರ್ಥಿಗಳನ್ನು ಕೇಳುವಾಗ ಗಡಿ ತಾಲ್ಲೂಕುಗಳಿಗೆ ತೆಲುಗು ಬಲ್ಲ ಕಾಯಂ ಶಿಕ್ಷಕರನ್ನು ಕೊಡುವಿರಾ ಎಂಬುದನ್ನೂ ಸೇರಿಸಿ ಎಂದು ಕೈಮುಗಿದು ಕೇಳುತ್ತೇನೆ.

ಉತ್ತರ 4: ನಿವೃತ್ತ ಮುಖ್ಯಶಿಕ್ಷಕ, ಶಿಡ್ಲಘಟ್ಟ

ಮುಳಬಾಗಿಲಿನ ತಾಯಿ ಹೇಳಿದ ಮಾತನ್ನು ಒಪ್ಪುತ್ತೇನೆ, ತಿದ್ದಿಕೊಳ್ಳುತ್ತೇನೆ. ಆರನೇ ತರಗತಿಯಿಂದ ಮೇಲಕ್ಕೆ ವಿಷಯಕ್ಕೊಬ್ಬ ಶಿಕ್ಷಕರಿರುವ ದೊಡ್ಡ ಶಾಲೆ ಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಊರಿನ ಶಾಲೆಯಲ್ಲಿ ಓದಿದ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು ಪ್ರೌಢಶಾಲೆಗಾಗಿ ಬೆಂಗಳೂರಿಗೆ ನಡೆದೇ ಹೋಗಬೇಕಾಯಿತು. ಮುಂದೆ ಅವರು ಬಾಗೇಪಲ್ಲಿಯಲ್ಲೂ ಗೌರಿಬಿದನೂರಿನಲ್ಲೂ ಕಾಲೇಜು ಬರುವಂತೆ ಮಾಡಿದ್ದು ಇನ್ನೊಂದು ಮಗು ಹಾಗೆ ನಡೆಯಬಾರದು ಎಂದೇ ಇರಬೇಕು ಎಂದು ನಾನು ನಂಬಿದ್ದೇನೆ. ಆದರೆ ಆ ನಡಿಗೆಗೆ ಮೊದಲು ಅವರಿಗೆ ಅಕ್ಷರ ಸಿಕ್ಕಿದ್ದು ಮನೆಯ ಹತ್ತಿರದಲ್ಲಿ. ಒಂದರಿಂದ ಐದು ಊರಿನಲ್ಲಿ, ಆಮೇಲೆ ದೊಡ್ಡ ಶಾಲೆ ಎಂದು ಒಂದು ಪಕ್ಷವಾದರೂ ಬರೆದುಕೊಡಲಿ.

ಮೊದಲ ಉತ್ತರದಲ್ಲಿ ಬಿಟ್ಟುಹೋದ ಒಂದು ವಿಷಯವಿದೆ. ಶಿಕ್ಷಕರ ನೇಮಕಾತಿ ರಾಜ್ಯ ಸರ್ಕಾರದ ಕೈಯಲ್ಲಿದೆ, ಜಿಲ್ಲಾ ಪಂಚಾಯಿತಿ ಸದಸ್ಯರು ಹುದ್ದೆ ಸೃಷ್ಟಿಸಲಾರರು. ‘ಅದು ನನ್ನ ಕೈಯಲ್ಲಿಲ್ಲ’ ಎಂದು ಅವರು ಜಾರಿಕೊಳ್ಳಬಹುದು. ಅಲ್ಲಿಗೆ ಬಿಡಬೇಡಿ. ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇರುತ್ತದೆ. ತಾಲ್ಲೂಕಿನ ಏಕೋಪಾಧ್ಯಾಯ (ಒಬ್ಬರೇ ಶಿಕ್ಷಕರಿರುವ) ಶಾಲೆಗಳ ಪಟ್ಟಿಯನ್ನು ಸಭೆಯಲ್ಲಿ ಮಂಡಿಸುವಂತೆ ಅಧಿಕಾರಿಗಳನ್ನು ಕೇಳುವುದು, ಬೇರೆ ಕಚೇರಿಗಳಿಗೆ ನಿಯೋಜನೆಯ ಮೇಲೆ ಹೋಗಿರುವ ಶಿಕ್ಷಕರನ್ನು ಶಾಲೆಗೆ ವಾಪಸು ಕಳಿಸಲು ಒತ್ತಾಯಿಸುವುದು, ಕೊಠಡಿ ದುರಸ್ತಿಯ ಹಣ ಯಾವ ಶಾಲೆಗೆ ಹೋಯಿತು ಎಂದು ನೋಡುವುದು ಆ ಸದಸ್ಯರಿಂದ ಖಂಡಿತ ಆಗುವ ಕೆಲಸ. ಚುನಾಯಿತ ಸದಸ್ಯರಿಲ್ಲದ ಇಷ್ಟು ವರ್ಷ ಈ ಪ್ರಶ್ನೆಗಳನ್ನು ಕೇಳುವವರೇ ಅಲ್ಲಿ ಇರಲಿಲ್ಲ.

ನಿಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಿಂದ ಒಂದು ಠರಾವು ಮಾಡಿಸಿ. ಕಾಯ್ದೆಯ ಪ್ರಕಾರ ಆ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅರ್ಜಿಗಿಂತ ಸಮಿತಿಯ ಠರಾವಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ತೂಕ ಹೆಚ್ಚು.

ಮತ್ತೆ, ಬಾಗೇಪಲ್ಲಿಯ ಪೋಷಕ

ಮೇಷ್ಟ್ರಿಗೂ, ಅಕ್ಕನವರಿಗೂ, ಪಾವಗಡದ ಮೇಡಂಗೂ ನಮಸ್ಕಾರ. ನಿನ್ನೆ ಸಂಜೆ ಶಾಲೆಯ ಜಗಲಿಯಲ್ಲಿ ಎಸ್‌ಡಿಎಂಸಿ ಸಭೆ ಸೇರಿದ್ದೆವು. ಮೊದಲ ಸಲ ಏಳು ಜನ ತಾಯಂದಿರು ಬಂದಿದ್ದರು. ಎರಡನೇ ಶಿಕ್ಷಕರ ಹುದ್ದೆ ತುಂಬಬೇಕು, ಬರುವವರಿಗೆ ತೆಲುಗು ತಿಳಿದಿದ್ದರೆ ಒಳ್ಳೆಯದು ಎಂದು ಠರಾವು ಬರೆದೆವು. ಮೂರು ಪ್ರತಿ ಹೆಚ್ಚಿಗೆ ಮಾಡಿಸಿದ್ದೇವೆ. ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯೂ ಅದನ್ನು ಓದಿ, ಗೆದ್ದ ಮೇಲೆ ಮೊದಲ ಸಭೆಯಲ್ಲಿ ಏಕೋಪಾಧ್ಯಾಯ ಶಾಲೆಗಳ ಪಟ್ಟಿ ಕೇಳುತ್ತೇನೆ ಎಂದು ಕೆಳಗೆ ಸಹಿ ಮಾಡಬೇಕು ಎಂದು ತೀರ್ಮಾನವಾಗಿದೆ. ವ್ಯಾನಿಗೆ ಮಕ್ಕಳನ್ನು ಹತ್ತಿಸುವ ಇಬ್ಬರು ತಂದೆಯರೂ ಠರಾವಿಗೆ ಸಹಿ ಹಾಕಿದರು. ಇನ್ನೊಬ್ಬರು ಮೇಷ್ಟ್ರು ಬಂದರೆ ಜೂನ್‌ನಲ್ಲಿ ಮಗುವನ್ನು ವಾಪಸು ಸೇರಿಸುತ್ತೇವೆ ಎಂದು ಹೇಳಿದ್ದಾರೆ.