ದೊರೆಗಳ ತೋಟದಿಂದ ಬಂದ ವಿಕ್ಟೋರಿಯಾ ಕಾಲದ ಒಡವೆಗಳು: ಗುರುತಿಸುವುದು ಹೇಗೆ, ಮಾರುವುದು ಹೇಗೆ?

ಸಿದ್ದಾಪುರದ ಬೆಳೆಗಾರ:

ಮಾನ್ಯರೇ, ನಮ್ಮ ಮುತ್ತಜ್ಜ ಸಿದ್ದಾಪುರದ ಸಮೀಪ ಇಂಗ್ಲಿಷ್ ದೊರೆಯೊಬ್ಬರ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದವರು. ದೊರೆಯ ಕುಟುಂಬ ತೋಟವನ್ನು ಮಾರಿ ಇಂಗ್ಲೆಂಡಿಗೆ ಹೊರಟಾಗ ದೊರೆಸಾನಿಯವರು ಕೊಟ್ಟುಹೋದದ್ದೆಂದು ಮನೆಯಲ್ಲಿ ಹೇಳುತ್ತ ಬಂದಿರುವ ಚರ್ಮದ ಪೆಟ್ಟಿಗೆಯೊಂದು, ಈಚೆಗೆ ಆಸ್ತಿ ಪಾಲಾದಾಗ ನನ್ನ ಕೈಗೆ ಬಂದಿದೆ. ಅದರಲ್ಲಿರುವ ವಸ್ತುಗಳು ಹೀಗಿವೆ: ಕಪ್ಪು ಮಣಿಗಳ ಉದ್ದನೆಯ ಒಂದು ಸರ, ಕಪ್ಪು ಎನಾಮಲ್ ಅಂಚಿನ, ಗಾಜಿನ ಕೆಳಗೆ ಹೆಣೆದ ಕಂದು ಕೂದಲಿರುವ, ಹಿಂಬದಿಯಲ್ಲಿ ಒಬ್ಬರ ಹೆಸರನ್ನೂ 1874 ಎಂಬ ಇಸವಿಯನ್ನೂ ಕೊರೆದಿರುವ ಒಂದು ಬ್ರೋಚ್ (ಉಡುಪಿಗೆ ಸಿಕ್ಕಿಸುವ ಪದಕ), ಕೆಂಪು ಕಣ್ಣಿನ ಹಾವಿನ ಆಕಾರದ ಟೊಳ್ಳು ಬಳೆ, ಅದರ ಒಳಬದಿಯಲ್ಲಿ 15 ಮತ್ತು .625 ಎಂಬ ಅಂಕಿಗಳು. 1872, 1889 ಮತ್ತು 1900ರ ಮೂರು ಪವನುಗಳು (ಬ್ರಿಟಿಷರ ಚಿನ್ನದ ನಾಣ್ಯಗಳು), ಅವುಗಳಲ್ಲಿ ಎರಡಕ್ಕೆ ಬಳೆಕೊಂಡಿ ಬೆಸೆದಿದೆ. ದೇವತೆಗಳ ಉಬ್ಬುಚಿತ್ರಗಳಿರುವ ಬೆಳ್ಳಿಯ ಚಪ್ಪಟೆ ಡಬ್ಬಿ. ಚಿನ್ನದ ಕಟ್ಟಿನಲ್ಲಿ ಎದುರುಬದುರಾಗಿ ಕೂರಿಸಿದ ಎರಡು ಹುಲಿಯುಗುರುಗಳ ಬ್ರೋಚ್.

ಚಿನ್ನದಂಗಡಿಯವರು ಬಳೆಯನ್ನು ತೂಗಿ, ಇದು ಕಡಿಮೆ ಮಾಲು, ಕರಗಿಸುವುದಕ್ಕೆ ಮಾತ್ರ ಲಾಯಕ್ಕು ಎಂದರು. ಕಪ್ಪು ಸರವನ್ನು ಗಾಜೆಂದು ಪಕ್ಕಕ್ಕಿಟ್ಟರು. ಇನ್ನೊಂದೆಡೆ, ಚಿತ್ರಗಳನ್ನು ನೋಡಿದ ವಿದೇಶದ ಖರೀದಿದಾರರೊಬ್ಬರು ಎಲ್ಲವನ್ನೂ ಒಟ್ಟಿಗೆ ಕೊರಿಯರ್ ಮಾಡಿದರೆ ಒಳ್ಳೆಯ ಬೆಲೆ ಕೊಡುವುದಾಗಿ ಬರೆದಿದ್ದಾರೆ. ಇವುಗಳಲ್ಲಿ ಯಾವುದು ಏನು, ಯಾವುದನ್ನು ಎಲ್ಲಿ ಮಾರಬಹುದು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಪೆಟ್ಟಿಗೆಯ ತಳದಲ್ಲಿ ಇಂಗ್ಲಿಷಿನಲ್ಲಿ ಬರೆದ ಒಂದು ಪತ್ರವೂ ತೋಟದ ಲೆಕ್ಕದ ಕೆಲವು ಹಾಳೆಗಳೂ ಇವೆ. ಅವುಗಳಿಂದ ಪ್ರಯೋಜನವಿದೆಯೇ ಎಂಬುದನ್ನೂ ದಯವಿಟ್ಟು ಹೇಳಿ.

ವಿರಾಜಪೇಟೆಯ ಸಂಗ್ರಾಹಕ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಪೆಟ್ಟಿಗೆಯಲ್ಲಿ ಹೆಚ್ಚು ಜೋಪಾನವಾಗಿಡಬೇಕಾದದ್ದು ಆ ಪತ್ರವೇ. ವಿಕ್ಟೋರಿಯಾ ರಾಣಿಯ ಆಳ್ವಿಕೆ 1837ರಿಂದ 1901ರವರೆಗೆ ನಡೆಯಿತು. ಅಷ್ಟು ದೀರ್ಘ ಕಾಲದಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಕಾರ್ಖಾನೆಗಳು ಒಡವೆಗಳನ್ನು ರಾಶಿ ರಾಶಿಯಾಗಿ ತಯಾರಿಸಿದವು. ಆದ್ದರಿಂದ ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ವಸ್ತುವಿಗೂ ಬೆಲೆ ಬರುವುದಿಲ್ಲ. ಇಂಥವರದು, ಇಂಥ ತೋಟದಲ್ಲಿತ್ತು, ಇಂಥವರಿಗೆ ಬಂತು ಎಂದು ಕಾಗದದಲ್ಲಿ ತೋರಿಸಲು ಸಾಧ್ಯವಾದರೆ ಮಾತ್ರ ಅದು ಗುಂಪಿನಿಂದ ಬೇರೆಯಾಗುತ್ತದೆ. ಬ್ರೋಚಿನ ಹಿಂದಿರುವ ಹೆಸರು ಪತ್ರದಲ್ಲಿಯೂ ಇದೆಯೇ ನೋಡಿ. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಇಲ್ಲಿದ್ದ ಐರೋಪ್ಯರ ನಾಮಕರಣ, ಮದುವೆ ಮತ್ತು ಶವಸಂಸ್ಕಾರದ ನಮೂದುಗಳಿವೆ. ಹೆಸರೂ ಇಸವಿಯೂ ಕೈಯಲ್ಲಿದ್ದರೆ ಹುಡುಕುವುದು ಕಷ್ಟವಲ್ಲ.

ಈಗ ವಸ್ತುಗಳ ವಿಚಾರ. 1861ರ ಡಿಸೆಂಬರಿನಲ್ಲಿ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ರಾಣಿ ತನ್ನ ಕೊನೆಯವರೆಗೂ ಕಪ್ಪು ಉಡುಗೆಯನ್ನು ಬಿಡಲಿಲ್ಲ. ಮೊದಲೇ ರೂಢಿಯಲ್ಲಿದ್ದ ಶೋಕದ ಒಡವೆಗಳಿಗೆ ಇದರಿಂದ ವಿಪರೀತ ಬೇಡಿಕೆ ಬಂತು. ಅವುಗಳಲ್ಲಿ ಶ್ರೇಷ್ಠವೆನಿಸಿದ್ದು ಜೆಟ್. ಇದು ಕೋಟ್ಯಂತರ ವರ್ಷಗಳ ಹಿಂದಿನ ಮರ ನೆಲದಡಿ ಒತ್ತಿಹೋಗಿ ಆದ ಕಪ್ಪು ವಸ್ತು. ಯಾರ್ಕ್‌ಶೈರಿನ ವಿಟ್ಬಿ ಎಂಬ ಕಡಲತೀರದ ಊರು ಇದರ ಕೆತ್ತನೆಗೆ ಹೆಸರಾಗಿತ್ತು. ಜೆಟ್ ದುಬಾರಿಯಾದಾಗ ಅದರ ಬದಲಿಗೆ ಫ್ರೆಂಚ್ ಜೆಟ್ ಎಂದು ಕರೆಯುವ ಕಪ್ಪು ಗಾಜೂ ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರಾದ ವಲ್ಕನೈಟೂ ಬಂದವು. ಗುರುತಿಸಲು ಸರವನ್ನು ಕೆನ್ನೆಗೆ ತಾಗಿಸಿ ನೋಡಿ. ಗಾಜು ತಣ್ಣಗೆ ಕೊರೆಯುತ್ತದೆ, ಕೈಗೆ ಭಾರವಾಗಿರುತ್ತದೆ, ಮಣಿಗೆ ಮಣಿ ತಾಗಿದಾಗ ಕಿಣಿಕಿಣಿ ಎನ್ನುತ್ತದೆ. ಜೆಟ್ ಹಗುರ, ತಾಗಿದರೆ ತಣ್ಣಗೆನಿಸುವುದಿಲ್ಲ. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ, ಕಾಣದ ಜಾಗದಲ್ಲಿ ಮಣಿಯನ್ನು ಮೆಲ್ಲಗೆ ಎಳೆದರೆ ಜೆಟ್ ಕಂದು ಗೆರೆಯನ್ನು ಬಿಡುತ್ತದೆ. ಆದರೆ ವಲ್ಕನೈಟೂ ಕಂದು ಗೆರೆಯನ್ನೇ ಬಿಡುವುದರಿಂದ ಅಷ್ಟಕ್ಕೇ ತೀರ್ಮಾನಿಸಬಾರದು. ಬೆಳಕಿಗೆ ಒಡ್ಡಿದ ಬದಿ ಮಾಸಲು ಕಂದಾಗಿದ್ದರೆ, ಭೂತಗನ್ನಡಿಯಲ್ಲಿ ಅಚ್ಚಿನ ಜೋಡಣೆಯ ಗೆರೆ ಕಂಡರೆ ಅದು ವಲ್ಕನೈಟ್. ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಆ ತೂತು ಮುಚ್ಚುವುದಿಲ್ಲ.

ಕೂದಲಿನ ಬ್ರೋಚ್ ನಮ್ಮವರಿಗೆ ಸ್ವಲ್ಪ ಹೇಸಿಗೆಯೆನಿಸಬಹುದು, ಆದರೆ ಸಂಗ್ರಾಹಕರು ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ. ಸತ್ತವರ ಕೂದಲನ್ನಷ್ಟೇ ಅಲ್ಲದೆ ದೂರ ಹೋದ ಮಕ್ಕಳ, ನಲ್ಲನ ಕೂದಲನ್ನೂ ಹೀಗೆ ಕೂರಿಸಿಟ್ಟುಕೊಳ್ಳುತ್ತಿದ್ದರು. ಹೀಗಾಗಿ ಕಪ್ಪು ಎನಾಮಲ್ ಮತ್ತು ಹಿಂಬದಿಯ ಬರಹ ಇವೆರಡೂ ಇದ್ದಾಗ ಮಾತ್ರ ಶೋಕದ ಒಡವೆಯೆಂದು ಧೈರ್ಯವಾಗಿ ಹೇಳಬಹುದು. ಕೊರೆದ ಹೆಸರಿರುವ, ಗಾಜು ಬಿರಿಯದ, ಕೂದಲು ಹಾಗೆಯೇ ಉಳಿದಿರುವ ಬ್ರೋಚಿನ ಮುಂದೆ ಅದರ ಚಿನ್ನದ ತೂಕ ನಗಣ್ಯ. ಹಿಂಬದಿಯ ಸೂಜಿ ಬರಿಯ ಕೊಕ್ಕೆಗೆ ಸಿಕ್ಕಿಕೊಂಡು, ಬ್ರೋಚಿನ ಅಂಚಿಗಿಂತ ತುಸು ಹೊರಗೆ ಚಾಚಿದ್ದರೆ ಅದು ಆ ಕಾಲಕ್ಕೆ ಹೊಂದುತ್ತದೆ. ತಿರುಗಿಸಿ ಮುಚ್ಚುವ ಭದ್ರ ಕೊಂಡಿಯಿದ್ದರೆ ಅದನ್ನು ಆಮೇಲೆ ಹಾಕಿಸಿದ್ದಾರೆಂದು ತಿಳಿಯಬೇಕು.

ಬಳೆಯ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಅರ್ಧ ಸರಿ. ಹದಿನೈದು ಕ್ಯಾರೆಟ್ ಎಂದರೆ ನೂರಕ್ಕೆ ಅರವತ್ತೆರಡೂವರೆ ಭಾಗ ಚಿನ್ನ. ಆದರೆ ಬ್ರಿಟನ್ನಿನಲ್ಲಿ ಈ ದರ್ಜೆಗೆ ಮಾನ್ಯತೆಯಿದ್ದದ್ದು 1854ರಿಂದ 1932ರವರೆಗೆ ಮಾತ್ರ. ಹಾಗಾಗಿ ಕರಗಿಸುವವರಿಗೆ ಕೊರತೆಯಾಗಿ ಕಾಣುವ ಆ ಅಂಕಿಯೇ ಸಂಗ್ರಾಹಕರಿಗೆ ಕಾಲದ ಸಾಕ್ಷಿ. ಅದರ ಪಕ್ಕದಲ್ಲಿ ಲಂಗರಿನ ಮುದ್ರೆಯಿದ್ದರೆ ಚಿನ್ನವನ್ನು ಪರೀಕ್ಷಿಸಿದ ಊರು ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆಯಿದ್ದರೆ ಲಂಡನ್. ಜೊತೆಗಿರುವ ಒಂಟಿ ಅಕ್ಷರ ವರ್ಷವನ್ನು ಹೇಳುತ್ತದೆ. ರಾಣಿಯ ತಲೆಯ ಸಣ್ಣ ಮುದ್ರೆಯೂ ಇದ್ದರೆ 1890ಕ್ಕಿಂತ ಈಚಿನದಲ್ಲ, ಏಕೆಂದರೆ ತೆರಿಗೆ ಸಂದಾಯವಾದದ್ದಕ್ಕೆ ಒತ್ತುತ್ತಿದ್ದ ಆ ಮುದ್ರೆ ಆ ವರ್ಷ ನಿಂತಿತು. ಮುದ್ರೆಯೇ ಇಲ್ಲದ ಚಿಕ್ಕ ಒಡವೆಗಳೂ ಆ ಕಾಲದಲ್ಲಿ ಬೇಕಾದಷ್ಟಿದ್ದವು. ಹಾವನ್ನು ಕಂಡು ನಮ್ಮ ಪತ್ತಾಕಿನ (ಕೊಡವ ಹೆಣ್ಣುಮಕ್ಕಳು ತೊಡುವ ಪದಕದ ಸರದ) ನಾಗನೆಂದು ಭಾವಿಸಿ ಇದನ್ನು ಕೊಡಗಿನ ಕೆಲಸವೆಂದು ಮಾರುವವರಿದ್ದಾರೆ, ಎಚ್ಚರಿಕೆ. 1840ರಲ್ಲಿ ಮದುವೆಯಾದ ರಾಣಿಗೆ ಆಲ್ಬರ್ಟ್ ತೊಡಿಸಿದ ನಿಶ್ಚಿತಾರ್ಥದ ಉಂಗುರ ಹಾವಿನ ಆಕಾರದ್ದು. ಕೊನೆಯಿಲ್ಲದ ಪ್ರೀತಿಯ ಕುರುಹಾಗಿ ಆ ವಿನ್ಯಾಸ ಅಲ್ಲಿ ಮನೆಮಾತಾಯಿತು.

ಬೆಳ್ಳಿಯ ಡಬ್ಬಿ ಭೇಟಿಚೀಟಿಗಳನ್ನು (ವಿಸಿಟಿಂಗ್ ಕಾರ್ಡ್) ಇಡುವುದಾಗಿರಬಹುದು. ದೇವತೆಗಳ ಉಬ್ಬುಚಿತ್ರವಿರುವ ಈ ಬಗೆಯ ಮದರಾಸಿನ ಕೆಲಸಕ್ಕೆ ಸ್ವಾಮಿ ಬೆಳ್ಳಿ ಎಂದೇ ಹೆಸರು, ಪಿ. ಓರ್ ಅಂಡ್ ಸನ್ಸ್ ಅದಕ್ಕೆ ಪ್ರಸಿದ್ಧ ಅಂಗಡಿಯಾಗಿತ್ತು. ತಳದಲ್ಲಿ ಅಂಗಡಿಯ ಹೆಸರಿದೆಯೇ ನೋಡಿ, ತಿಕ್ಕಿ ಹೊಳಪು ಬರಿಸಲು ಮಾತ್ರ ಹೋಗಬೇಡಿ.

ಮಡಿಕೇರಿಯ ನಿವೃತ್ತ ವಕೀಲ:

ಬೆಲೆಯ ಮಾತಿಗಿಂತ ಮೊದಲು ಕಾನೂನಿನ ಮಾತನ್ನು ಆಡಬೇಕಾಗಿದೆ. ಹುಲಿಯುಗುರಿನ ಬ್ರೋಚಿನ ಚಿತ್ರವನ್ನು ಎಲ್ಲಿಯೂ ಹಾಕಬೇಡಿ, ಯಾರಿಗೂ ಮಾರಲು ಒಪ್ಪಬೇಡಿ. ದೊರೆಗಳ ಕಾಲದಲ್ಲಿ ಶಿಕಾರಿಯ ನೆನಪಿಗೆಂದು ಇಂತಹ ಒಡವೆಗಳನ್ನು ಮಾಡಿಸುವುದು ಸಾಮಾನ್ಯವಾಗಿತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಹುಲಿಯಿದೆ, ಅದರ ಉಗುರಿನ ವ್ಯಾಪಾರಕ್ಕೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸವಿದೆ, ಒಡವೆ ಎಷ್ಟು ಹಳೆಯದೆಂಬುದು ರಕ್ಷಣೆಯಾಗುವುದಿಲ್ಲ. ಇಂತಹ ವಸ್ತುಗಳನ್ನು ಘೋಷಿಸಿಕೊಳ್ಳಲು 2003ರಲ್ಲಿ ಸರ್ಕಾರ ಅವಕಾಶ ಕೊಟ್ಟಿತ್ತು. ನಿಮ್ಮ ಹಿರಿಯರು ಆಗ ಅರಣ್ಯ ಇಲಾಖೆಯಿಂದ ಮಾಲೀಕತ್ವದ ಪ್ರಮಾಣಪತ್ರವನ್ನು ಪಡೆದಿದ್ದರೆ ಅದನ್ನು ಹುಡುಕಿ. ಅದಿದ್ದರೂ ವಸ್ತುವನ್ನು ಇಟ್ಟುಕೊಳ್ಳಬಹುದೇ ಹೊರತು ಮಾರುವಂತಿಲ್ಲ. ಇಲ್ಲದಿದ್ದರೆ ತಡಮಾಡದೆ ವಕೀಲರೊಬ್ಬರ ಮೂಲಕ ಅರಣ್ಯ ಇಲಾಖೆಗೆ ಒಪ್ಪಿಸುವುದು ಲೇಸು. ನಾವಿರುವುದು ನಾಗರಹೊಳೆ ಹುಲಿ ಅರಣ್ಯ ಹರಡಿರುವ ಜಿಲ್ಲೆಯಲ್ಲಿ; ಇಲ್ಲಿ ಈ ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇದೇ ಮಾತು ದಂತದ ಪದಕಗಳಿಗೂ ಕಡಲಾಮೆಯ ಚಿಪ್ಪಿನ ಬಾಚಣಿಗೆಗಳಿಗೂ ಅನ್ವಯಿಸುತ್ತದೆ.

ಎರಡನೆಯದು ಕೊರಿಯರ್. 1972ರದೇ ಇನ್ನೊಂದು ಕಾಯ್ದೆ, ಪ್ರಾಚೀನ ವಸ್ತುಗಳು ಮತ್ತು ಕಲಾ ಸಂಪತ್ತುಗಳ ಕಾಯ್ದೆ. ಅದರ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಕಲಾವಸ್ತು, ಕುಶಲಕೆಲಸದ ವಸ್ತುಗಳು ಪ್ರಾಚೀನ ವಸ್ತುಗಳೆನಿಸುತ್ತವೆ, ಅವು ಇಂಗ್ಲೆಂಡಿನಲ್ಲಿ ತಯಾರಾದವೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಇಂತಹವನ್ನು ದೇಶದಿಂದ ಹೊರಗೆ ಕಳುಹಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೂ ಅದು ಗೊತ್ತುಮಾಡಿದ ಸಂಸ್ಥೆಗೂ ಮಾತ್ರ ಇದೆ. ಖಾಸಗಿಯವರು ಕಳುಹಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸವೂ ದಂಡವೂ ಇವೆ. ದೇಶದೊಳಗೆ ಮನೆಯ ಒಡವೆಯನ್ನು ಒಮ್ಮೆ ಮಾರುವುದು ಬೇರೆ, ಅದನ್ನೇ ದಂಧೆಯಾಗಿ ನಡೆಸುವುದು ಬೇರೆ. ದಂಧೆಗೆ ಪರವಾನಗಿ ಬೇಕು. ನೀವು ಯಾರಿಗೆ ಮಾರುತ್ತೀರೋ ಅವರ ಪರವಾನಗಿಯನ್ನು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಪಾಲುಪತ್ರದಲ್ಲಿ ಈ ಪೆಟ್ಟಿಗೆಯ ಉಲ್ಲೇಖವಿಲ್ಲದಿದ್ದರೆ ಅಣ್ಣತಮ್ಮಂದಿರಿಂದ ಒಂದು ಒಪ್ಪಿಗೆ ಪತ್ರವನ್ನೂ ಬರೆಸಿಕೊಳ್ಳಿ. ಬೆಲೆ ಗೊತ್ತಾದ ಮೇಲೆ ಅದನ್ನು ಬರೆಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ಕೊಡಗಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಗೋಣಿಕೊಪ್ಪದ ಗೃಹಿಣಿ:

ಪವನುಗಳ ಬಗ್ಗೆ ಯಾರೂ ಬರೆಯದಿದ್ದುದರಿಂದ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ರಾಣಿಯ ತಲೆಯಿರುವ ಪವನುಗಳನ್ನು ಪತ್ತಾಕಿಗೆ ಕೂರಿಸಿರುವುದರಿಂದ ಹಳಬರಿಗೆ ಅವುಗಳ ಗುರುತು ಚೆನ್ನಾಗಿತ್ತು. ನಿಮ್ಮ ಮೂರು ನಾಣ್ಯಗಳಲ್ಲಿ ರಾಣಿಯ ಮೂರು ಮುಖಗಳು ಇರಬೇಕು: 1872ರದ್ದರಲ್ಲಿ ಹರೆಯದ ಮುಖ, 1889ರದ್ದರಲ್ಲಿ ಚಿಕ್ಕ ಕಿರೀಟವಿಟ್ಟ ಮುಖ, 1900ರದ್ದರಲ್ಲಿ ಮುಸುಕು ಹೊದ್ದ ವೃದ್ಧಾಪ್ಯದ ಮುಖ. ಇಸವಿಗೂ ಮುಖಕ್ಕೂ ತಾಳೆಯಾಗದಿದ್ದರೆ ಅದು ಅಕ್ಕಸಾಲಿಗರು ಒಡವೆಗೆಂದು ಎರಕ ಹೊಯ್ದದ್ದು. ಅಸಲಿ ಪವನಿನ ತೂಕ 7.98 ಗ್ರಾಂ, ಚಿನ್ನ ಇಪ್ಪತ್ತೆರಡು ಕ್ಯಾರೆಟ್. ಅಂಗಡಿಗಳಲ್ಲಿ ಪವನೆಂದರೆ ಎಂಟು ಗ್ರಾಂ ಎಂದು ಲೆಕ್ಕ ಹಾಕುವುದರಿಂದ ತೂಕ ಕೂದಲೆಳೆಯಷ್ಟು ಕಡಿಮೆ ಬಂತೆಂದು ನಕಲಿಯೆಂದು ಹೇಳಿದರೆ ಒಪ್ಪಬೇಡಿ. 1872ರದ್ದರ ಹಿಂಬದಿಯಲ್ಲಿ ಗುರಾಣಿಯಿದೆಯೇ, ಕುದುರೆಯೇರಿದ ಸೇಂಟ್ ಜಾರ್ಜನಿದ್ದಾನೆಯೇ ನೋಡಿ. ಆ ವರ್ಷ ಎರಡೂ ಬಗೆಯವು ಅಚ್ಚಾಗಿವೆ. ಎಸ್ ಅಥವಾ ಎಂ ಎಂಬ ಸಣ್ಣ ಅಕ್ಷರವಿದ್ದರೆ ಸಿಡ್ನಿ ಅಥವಾ ಮೆಲ್ಬರ್ನ್ ಟಂಕಸಾಲೆಯದು.

ಕೊಂಡಿ ಬೆಸೆದ ಎರಡನ್ನು ನಾಣ್ಯ ಸಂಗ್ರಹಿಸುವವರು ಹೆಚ್ಚಿನ ಬೆಲೆಗೆ ಕೊಳ್ಳುವುದಿಲ್ಲ, ಕೊಂಡಿ ಕೀಳಿಸಿದರೂ ಗಾಯ ಉಳಿಯುತ್ತದೆ. ಅವನ್ನು ಮಾರುವ ಬದಲು ಮನೆಯ ಹೆಣ್ಣುಮಕ್ಕಳ ಪತ್ತಾಕಿಗೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಸಿದ್ದಾಪುರದ ಬೆಳೆಗಾರ:

ಎಲ್ಲರಿಗೂ ಕೃತಜ್ಞತೆಗಳು. ಹುಲಿಯುಗುರಿನ ಚಿತ್ರವನ್ನು ಅಳಿಸಿದ್ದೇನೆ, ಅದರ ವಿಷಯದಲ್ಲಿ ವಕೀಲರನ್ನು ಕಾಣಲಿದ್ದೇನೆ. ವಿದೇಶದ ಖರೀದಿದಾರರಿಗೆ ಕಾನೂನಿನ ವಿಷಯ ತಿಳಿಸಿದಾಗ, ಪೊಟ್ಟಣದ ಮೇಲೆ ಗಿಲೀಟು ಒಡವೆ ಎಂದು ಬರೆದು ಕಳುಹಿಸಿದರೆ ಸಾಕೆಂದು ಉತ್ತರಿಸಿದ್ದಾರೆ. ಸರವನ್ನು ಕೆನ್ನೆಗೆ ತಾಗಿಸಿ ನೋಡಿದೆ, ತಣ್ಣಗಿಲ್ಲ. ಗೆರೆ ಕಂದಾಗಿದೆ, ಜೋಡಣೆಯ ಗುರುತು ಕಾಣುತ್ತಿಲ್ಲ. ಪತ್ರದಲ್ಲಿ ಬ್ರೋಚಿನ ಮೇಲಿನ ಮನೆತನದ ಹೆಸರೇ ಇದೆ. ನಮ್ಮ ಸಂಬಂಧಿಕರೊಬ್ಬರು ಇದೆಲ್ಲ ರಾಜಕುಮಾರಿ ಗೌರಮ್ಮನವರ ಒಡವೆಯೆಂದು ಹೇಳಿದರೆ ಹತ್ತು ಪಟ್ಟು ಬೆಲೆ ಬರುತ್ತದೆ ಎನ್ನುತ್ತಿದ್ದಾರೆ. ಮಾರುವವರೆಗೆ ಇವನ್ನು ಇಡುವುದು ಹೇಗೆ, ಯಾರ ಬಳಿ ಹೋಗುವುದು ಎಂಬುದನ್ನೂ ತಿಳಿಸಿ.

ವಿರಾಜಪೇಟೆಯ ಸಂಗ್ರಾಹಕ:

ಸುಳ್ಳು ಬರೆದು ಕಳುಹಿಸಿ ಎನ್ನುವವರೊಡನೆ ವ್ಯವಹಾರವೇ ಬೇಡ. ಸಿಕ್ಕಿಬಿದ್ದರೆ ಸಹಿ ನಿಮ್ಮದಿರುತ್ತದೆ. ಗೌರಮ್ಮನ ಹೆಸರನ್ನಂತೂ ಎತ್ತಬೇಡಿ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳಾದ ಅವಳು 1852ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋದಳು, ಅವಳ ಕ್ರೈಸ್ತ ದೀಕ್ಷೆಯಲ್ಲಿ ರಾಣಿಯೇ ಧರ್ಮಮಾತೆಯಾದಳು, 1864ರಲ್ಲಿ ಅಲ್ಲಿಯೇ ತೀರಿಕೊಂಡಳು. 1874ರ ಬ್ರೋಚನ್ನು ಅವಳಿಗೆ ಅಂಟಿಸಿದರೆ, ನಿಮ್ಮ ಬಳಿ ನಿಜವಾಗಿ ಇರುವ ಪತ್ರವನ್ನೂ ಖರೀದಿದಾರರು ಅನುಮಾನಿಸುತ್ತಾರೆ. ತೋಟದ ರೈಟರ್ ಒಬ್ಬರ ಮನೆಯಲ್ಲಿ ಪತ್ರಸಮೇತ ಉಳಿದುಬಂದ ಬ್ರೋಚ್ ಎಂಬ ನಿಜವೇ ಸಾಕಷ್ಟು ಅಪರೂಪದ್ದು.

ಸರ ಬಹುಮಟ್ಟಿಗೆ ಜೆಟ್ ಇರಬೇಕು. ರತ್ನಪರೀಕ್ಷೆಯ ಪ್ರಯೋಗಾಲಯದಿಂದ ಚೀಟಿ ಪಡೆದರೆ ವಾದವೇ ಉಳಿಯುವುದಿಲ್ಲ. ಇಡುವ ವಿಷಯದಲ್ಲಿ ನಮ್ಮೂರಿನ ಮಳೆಯೇ ದೊಡ್ಡ ಶತ್ರು. ಕಕ್ಕಡದ (ಜೋರು ಮಳೆಯ ತಿಂಗಳ) ತೇವಕ್ಕೆ ಗಾಜಿನೊಳಗಿನ ಕೂದಲಿಗೆ ಬೂಷ್ಟು ಹಿಡಿದರೆ ತೆಗೆಯುವ ದಾರಿಯಿಲ್ಲ. ಬ್ರೋಚನ್ನು ನೀರಿಗಾಗಲಿ ಸೋಪಿಗಾಗಲಿ ತೋರಿಸದೆ, ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ; ಪೊಟ್ಟಣಗಳನ್ನು ಆಗಾಗ ಬದಲಿಸಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡಬೇಡಿ, ಹೊಗೆ ಇನ್ನೂ ಕೆಟ್ಟದ್ದು. ಬಳೆ ಟೊಳ್ಳಾದ್ದರಿಂದ ಅದುಮಿದರೆ ನಗ್ಗುತ್ತದೆ. ಚರ್ಮದ ಪೆಟ್ಟಿಗೆಯನ್ನು ಎಸೆಯಬೇಡಿ, ಮುಚ್ಚಳದ ಒಳಬದಿಯ ರೇಷ್ಮೆಯ ಮೇಲೆ ಅಂಗಡಿಯ ಹೆಸರು ಅಚ್ಚಾಗಿದ್ದರೆ ಅದಕ್ಕೂ ಬೆಲೆಯಿದೆ.

ಮಾರಾಟಕ್ಕೆ ಎರಡು ದಾರಿಗಳಿವೆ. ಕೊಂಡಿಯಿಲ್ಲದ ಪವನನ್ನು ಬೆಂಗಳೂರಿನ ನಾಣ್ಯ ಹರಾಜಿಗೆ ಕೊಡಬಹುದು, ಅಲ್ಲಿ ಚಿನ್ನದ ದರಕ್ಕಿಂತ ಕೆಳಗೆ ಹೋಗುವ ಭಯವಿಲ್ಲ. ಬ್ರೋಚ್, ಸರ ಮತ್ತು ಬಳೆಯನ್ನು ಪರವಾನಗಿಯುಳ್ಳ ಹಳೆಯ ವಸ್ತುಗಳ ವ್ಯಾಪಾರಿಗೆ ಅಥವಾ ಹರಾಜು ಸಂಸ್ಥೆಗೆ ಒಟ್ಟಾಗಿ ತೋರಿಸಿ. ಬಿಡಿಬಿಡಿಯಾಗಿ ಮಾರಿದರೆ ಪತ್ರ ಒಂದಕ್ಕೆ ಮಾತ್ರ ಸೇರಿ ಉಳಿದವು ಅನಾಥವಾಗುತ್ತವೆ. ಹರಾಜಿನ ಕಮಿಷನ್ ಎಷ್ಟು, ಕನಿಷ್ಠ ಬೆಲೆಯನ್ನು ಯಾರು ನಿಗದಿಮಾಡುತ್ತಾರೆ, ಮಾರಾಟವಾಗದಿದ್ದರೆ ಹಿಂದಿರುಗಿಸುವ ಖರ್ಚು ಯಾರದು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಮಾರಿ ಬಂದ ಲಾಭಕ್ಕೆ ತೆರಿಗೆಯುಂಟು. ಪಿತ್ರಾರ್ಜಿತವಾದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಮೂಲಬೆಲೆಯಾಗಿ ತೋರಿಸಲು ಅವಕಾಶವಿದೆ, ಲೆಕ್ಕಿಗರನ್ನು ಕೇಳಿ.

ಸದ್ಯಕ್ಕೆ ಬಳೆಯ ಒಳಬದಿಯ ಮುದ್ರೆಗಳನ್ನೂ 1872ರ ಪವನಿನ ಎರಡೂ ಬದಿಗಳನ್ನೂ ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು ಇಲ್ಲಿ ಹಾಕಿ. ಪತ್ರದ ಚಿತ್ರವನ್ನು ಮಾತ್ರ ಹಾಕಬೇಡಿ. ಅದನ್ನು ಖರೀದಿದಾರರ ಎದುರಿಗೇ ಬಿಚ್ಚಿ ತೋರಿಸಿ.