ರೈಲು ಹಾಕಿದ ಚೀನೀ ಕೂಲಿಗಳ ಹೆಸರು ಎಲ್ಲಾದರೂ ಸಿಗುತ್ತಾ?

ತೀರ್ಥಹಳ್ಳಿ ಹುಡುಗಿ:
ಕ್ಯಾಲಿಫೋರ್ನಿಯಾದಲ್ಲಿರೋವ್ರು, ರೈಲ್ವೆ ಗೊತ್ತಿರೋವ್ರು ಸ್ವಲ್ಪ ಹೇಳಿ. ನಮ್ಮೂರ ಲೈಬ್ರರಿಯಲ್ಲಿ ಚೀನೀ ರೈಲ್ವೆ ಕಾರ್ಮಿಕರ ಬಗ್ಗೆ ಪ್ರದರ್ಶನ ಇಟ್ಟಿದ್ದಾರೆ. ಪುಸ್ತಕ ವಾಪಸ್ ಕೊಡೋಕೆ ಹೋದವಳು ಅಲ್ಲೇ ನಿಂತುಬಿಟ್ಟೆ. ಅಮೆರಿಕದ ಪೂರ್ವ-ಪಶ್ಚಿಮವನ್ನ ಮೊದಲ ಸಲ ಜೋಡಿಸಿದ ರೈಲುದಾರಿಯಲ್ಲಿ, ಸೆಂಟ್ರಲ್ ಪೆಸಿಫಿಕ್ ಕಂಪನಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ಪೂರ್ವಕ್ಕೆ ಹಾಕಿದ ಹಳಿಗೆ ದುಡಿದವರಲ್ಲಿ ಹೆಚ್ಚಿನವರು ಚೀನಾದ ಗ್ವಾಂಗ್‌ಡಾಂಗ್ ಕಡೆಯವರಂತೆ. ಗಾಜಿನ ಪೆಟ್ಟಿಗೆಯಲ್ಲಿ ಒಡೆದ ಅನ್ನದ ಬಟ್ಟಲು, ನಡುವೆ ಚೌಕ ತೂತಿರೋ ಕಾಸು, ಅಫೀಮಿನ ಡಬ್ಬಿ. ಪಕ್ಕದಲ್ಲಿ ಆ ಪ್ರಸಿದ್ಧ ಫೋಟೊ: 1869ರ ಮೇ 10, ಯೂಟಾದ ಪ್ರೊಮೊಂಟರಿ, ಎರಡೂ ಕಡೆಯಿಂದ ಬಂದ ಹಳಿ ಕೂಡಿದ ದಿನ, ಎರಡು ಇಂಜಿನ್ ಎದುರುಬದುರು. ಮೇಲೆತ್ತಿ ಹಿಡಿದ ಬಾಟಲಿ ಕಾಣುತ್ತೆ, ಚೀನೀ ಮುಖ ನನಗಂತೂ ಕಾಣಲಿಲ್ಲ. ಇಷ್ಟು ಸಾವಿರ ಜನರ ಒಂದು ಪಟ್ಟಿಯೂ ಇಲ್ಲ. ದಾಖಲೆ ಕಳೆದುಹೋಯ್ತಾ, ಬರೆದೇ ಇರಲಿಲ್ವಾ?

ಸನ್ನಿವೇಲ್ ಸ್ವಾಮಿ:
ಬಹುಪಾಲು ಬರೆದೇ ಇರಲಿಲ್ಲ. ಕಂಪನಿಯ ಸಂಬಳದ ಹಾಳೆಗಳು ಸ್ಯಾಕ್ರಮೆಂಟೊದ ರೈಲ್ವೆ ಮ್ಯೂಸಿಯಂನಲ್ಲಿವೆ. ಕೂಲಿ ಇಡೀ ತಂಡಕ್ಕೆ ಸೇರಿಸಿ ಮುಖ್ಯಸ್ಥನ ಕೈಗೆ ಹೋಗುತ್ತಿತ್ತು, ಹಾಗಾಗಿ ಪುಸ್ತಕದಲ್ಲಿ ಅವನ ಹೆಸರು, ಉಳಿದವರ ಲೆಕ್ಕ. 1864ರ ಹಾಳೆಯಲ್ಲಿ ಹಂಗ್ ವಾ ಅನ್ನೋ ಮುಖ್ಯಸ್ಥ ಸಿಗುತ್ತಾನೆ, ಅವನ ಆಳುಗಳು ಸಿಗಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2012ರಿಂದ ವರ್ಷಗಟ್ಟಲೆ ಹುಡುಕಿದರು, ಆ ಕೂಲಿಗಳು ಊರಿಗೆ ಬರೆದ ಒಂದು ಕಾಗದವೂ ಸಿಗಲಿಲ್ಲ. ಆ ಕಂಪನಿಯ ಅಧ್ಯಕ್ಷ ಲೀಲಂಡ್ ಸ್ಟ್ಯಾನ್‌ಫರ್ಡೇ, ವಿಶ್ವವಿದ್ಯಾಲಯ ಕಟ್ಟಿದ್ದೂ ಅವನೇ. ಇರಲಿ.

ಬಾಯಿಲ್ಲದವರೇನೂ ಅಲ್ಲ ಅವರು. 1867ರ ಜೂನ್‌ನಲ್ಲಿ ಸುಮಾರು ಮೂರು ಸಾವಿರ ಜನ ಕೆಲಸ ನಿಲ್ಲಿಸಿ ತಿಂಗಳಿಗೆ 40 ಡಾಲರ್ ಕೇಳಿದರು, ಸುರಂಗದೊಳಗಿನ ದುಡಿಮೆಯ ಹೊತ್ತು ಇಳಿಸಿ ಅಂದರು. ಕಂಪನಿಯ ಕಟ್ಟೋ ಕೆಲಸದ ಉಸ್ತುವಾರಿ ಚಾರ್ಲ್ಸ್ ಕ್ರಾಕರ್ ಬೆಟ್ಟದ ಮೇಲಕ್ಕೆ ದಿನಸಿ ಹೋಗೋದನ್ನೇ ನಿಲ್ಲಿಸಿದ. ಒಂದು ವಾರಕ್ಕೆ ಮುಷ್ಕರ ಮುಗೀತು. ಬಿಳಿ ಕೂಲಿಗಳಿಗೆ ಊಟ ಕಂಪನಿಯದು, ಇವರದು ಸ್ವಂತ ಖರ್ಚು, ಅದನ್ನೂ ಗಮನಿಸಿ.

ಆ ಹಳಿ ಸಿಯೆರಾ ನೆವಾಡಾ ಬೆಟ್ಟಸಾಲು ದಾಟಿದ ಡೋನರ್ ಪಾಸ್ ಕಣಿವೆಗೆ ಹೋಗಿ ನೋಡಿ. ಅಲ್ಲಿನ ಸುರಂಗ 1,659 ಅಡಿ, ಗಟ್ಟಿ ಗ್ರಾನೈಟ್. ಎರಡೂ ತುದಿಯಿಂದ, ನಡುವೆ ಬಾವಿ ತೋಡಿ ಅದರೊಳಗಿಂದ ಎರಡೂ ಕಡೆಗೆ, ಹೀಗೆ ನಾಲ್ಕು ಮುಖದಲ್ಲಿ ಕೊರೆದರು. ಕರಿಮದ್ದಿನಲ್ಲಿ ಒಂದು ಮುಖಕ್ಕೆ ದಿನಕ್ಕೆ ಅಡಿಯಷ್ಟೇ ಸಾಗುತ್ತಿದ್ದದ್ದು, ಅದಕ್ಕೇ ಆಮೇಲೆ ಇನ್ನೂ ಜೋರಾಗಿ ಸಿಡಿಯೋ ನೈಟ್ರೋಗ್ಲಿಸರಿನ್ ಅಲ್ಲೇ ತಯಾರಿಸಿ ಬಳಸಿದರು. ಹೊರಗೆ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ ರಸ್ತೆಯಿಂದಲೇ ಕಾಣುತ್ತೆ.

ನಿವೃತ್ತ ಕೀಮನ್, ಹುಬ್ಬಳ್ಳಿ:
ತಂಗಿ, ನಾ ರೈಲ್ವೆ ಹಳಿ ನೋಡಿಕೊಳ್ಳೋ ಗ್ಯಾಂಗಿನ್ಯಾಗ ದುಡದಂವ, ಇದನ್ನ ಓದಿ ಸುಮ್ನ ಕೂಡಾಕ ಆಗ್ಲಿಲ್ಲ. 1869ರ ಏಪ್ರಿಲ್ 28ಕ್ಕ ಒಂದ ದಿನದಾಗ ಹತ್ತು ಮೈಲಿ ಹಳಿ ಹಾಕಿದ್ರಲ್ಲ, ಆವತ್ತು ಹಳಿ ಎತ್ತಿಟ್ಟ ಎಂಟು ಐರಿಷ್ ಮಂದಿ ಹೆಸರು ಬರದಿಟ್ಟಾರ. ಮೈಕೆಲ್ ಶೇ, ಪ್ಯಾಟ್ರಿಕ್ ಜಾಯ್ಸ್, ಹಿಂಗ. 30 ಅಡಿ ಹಳಿ, ಒಂದೊಂದು ಹತ್ರ ಹತ್ರ 250 ಕೇಜಿ, ಒಟ್ಟು 3,520 ಹಳಿ. ಶಾಭಾಸ್ ಅನ್ನೂಣು. ಆದ್ರ ಹಳಿ ಇಟ್ರ ಗಾಡಿ ಓಡತೈತೇನು? ಹಳಿ ಕೆಳಗಿನ ಅಡ್ಡ ದಿಮ್ಮಿ, ಅಂದ್ರ ಸ್ಲೀಪರ್ ಕೂಡಿಸಬೇಕು, ಮೊಳಿ ಹೊಡೀಬೇಕು, ಎರಡು ಹಳಿ ನಡುವಿನ ಅಂತರ, ಅಂದ್ರ ಗೇಜ್ ಹಿಡೀಬೇಕು, ಬುಡಕ್ಕ ಮಣ್ಣು ಜಲ್ಲಿ ತುರುಕಿ ಪ್ಯಾಕ್ ಮಾಡಬೇಕು. ಪ್ಯಾಕಿಂಗ್ ಸಡ್ಲಾತಂದ್ರ ಸ್ಲೀಪರ್ ಕುಂದರತೈತಿ, ಲೆವೆಲ್ ಹೋಗತೈತಿ. ಜಲ್ಲಿ ತುರುಕೋ ಬೀಟರ್ ಹಿಡದು ಹೊಡದವ್ರ ಟೊಂಕಕ್ಕ ಗೊತ್ತು ಅದು. ಎಂಟು ಮಂದಿ ಬೆನ್ನಿಗೆ ಚೀನೀ ಮಂದಿ ದಂಡ ಇತ್ತು, ಆ ದಂಡಿನ ಒಬ್ಬನ ಹೆಸರೂ ಇಲ್ಲ.

ನಮ್ಮಲ್ಲಿ ಮುಂಬೈ-ಪುಣೆ ರೈಲುದಾರಿ ಹಾಕೂವಾಗ, ಖಂಡಾಲಾ ಹತ್ರ ಭೋರ್ ಘಾಟ್‌ನ್ಯಾಗೂ ಇದ ಹಣೇಬರ. ಗುತ್ತಿಗೆದಾರ ಟ್ರೆಡ್‌ವೆಲ್ ಸತ್ತ ಮ್ಯಾಲ ಹೆಂಡತಿ ಆಲಿಸ್ ಕೆಲಸ ಮುಂದುವರಿಸಿದ್ಳು ಅಂತ ಬರದಾರ. 1861ರಾಗ ಅಲ್ಲಿದ್ದ 42 ಸಾವಿರ ಆಳಿನ ಹೆಸರು ಕೇಳಿ ನೋಡ್ರಿ!

ತೀರ್ಥಹಳ್ಳಿ ಹುಡುಗಿ:
ಅಣ್ಣಾ, ಪ್ಯಾಕಿಂಗ್ ವಿಷಯ ಪ್ರದರ್ಶನದ ಫಲಕದಲ್ಲಿ ಒಂದು ಸಾಲೂ ಇಲ್ಲ. ಲೈಬ್ರರಿಯಲ್ಲಿ ಅನಿಸಿಕೆ ಬರೆಯೋ ಪುಸ್ತಕ ಇದೆ, ನೀವು ಹೇಳಿದ್ದನ್ನ ಇಂಗ್ಲಿಷಿಗೆ ಮಾಡಿ ಅದರಲ್ಲಿ ಬರೀಲಾ? ನಿಮ್ಮ ಹೆಸರು ಏನಂತ ಹಾಕಲಿ?

ನಿವೃತ್ತ ಕೀಮನ್, ಹುಬ್ಬಳ್ಳಿ:
ಬರೀ ತಂಗಿ. ಹೆಸರು ಮೆಸೇಜ್‌ನ್ಯಾಗ ಕಳಸ್ತೀನಿ, ಸ್ಪೆಲಿಂಗ್ ತಪ್ಪಿಸಬ್ಯಾಡ.